ಹಸುಗೂಸುಗಳ ವಾರ್ಡಿನ ಹನ್ನೊಂದು ಶೀಟು

ಅಚ್ಚುಕೂಟ ಮುಚ್ಚಿ ಆರು ವರ್ಷವಾದರೂ ಬೀದಿಯವರು ಅವನನ್ನು ಕರೆಯುವುದು ಕೆಂಪುಪೆನ್ನು ಎಂದೇ. ಇಪ್ಪತ್ತೆಂಟು ವರ್ಷ ಕರಡು ತಿದ್ದಿದವನು. ಔಷಧದ ಅಂಗಡಿಯವನು ಚೀಟಿ ಬರೆದುಕೊಟ್ಟರೆ, ಬಿಟ್ಟುಹೋದ ಒತ್ತಕ್ಷರವನ್ನು ಅಲ್ಲೇ ನಿಂತು ಸೇರಿಸಿ, ಆಮೇಲೆ ಗುಳಿಗೆ ತೆಗೆದುಕೊಳ್ಳುವವನು. ಈಗ ಪೆನ್ನಿಲ್ಲ. ಕಿಟಕಿಯ ಪಕ್ಕದ ಮೇಜಿನ ಮೇಲೆ ಒಂದು ಹಳೆಯ ಲ್ಯಾಪ್‌ಟಾಪ್ ಇದೆ. ಅದರ ಮೂಲೆ ಬಿರುಕು ಬಿಟ್ಟಿತ್ತು. ಅಕ್ಕ ಅದಕ್ಕೆ ಆಸ್ಪತ್ರೆಯ ಬಿಳಿ ಪ್ಲಾಸ್ಟರ್ ಸುತ್ತಿದ್ದಾಳೆ.

ಅವನ ಕೆಲಸ ಬ್ಯಾಡ್ಜ್ ಪರಿಶೀಲನೆ. ಕೆಲಸವೆಂದರೆ ಕೆಲಸ, ಸಂಬಳವೆಂದರೆ ಇಲ್ಲ. ಕಂಪ್ಯೂಟರ್ ಕಲಿಯಬೇಕೆನ್ನುವವರು ಸೇರುವ ಒಂದು ಆನ್‌ಲೈನ್ ಬಳಗ ಅದು. ಪಾಠ ಓದಿ, ಅಭ್ಯಾಸ ಮಾಡಿ, ಮಾಡಿದ್ದನ್ನು ಕಳಿಸುತ್ತಾರೆ. ಜೊತೆಗೆ ತಾವು ಏನು ಮಾಡಿದೆವು ಎಂದು ಸ್ವಂತ ಮಾತಿನಲ್ಲಿ ನಾಲ್ಕು ಸಾಲು ಬರೆಯುತ್ತಾರೆ. ಪರಿಶೀಲಕ ನೋಡಿ ಒಪ್ಪಿದರೆ ಅವರ ಹೆಸರಿನ ಮುಂದೆ ಒಂದು ಪುಟ್ಟ ದುಂಡನೆಯ ಬ್ಯಾಡ್ಜ್ ಮೂಡುತ್ತದೆ. ಕಚೇರಿಗಳಲ್ಲಿ ಅದಕ್ಕೆ ಬೆಲೆಯಿದೆ. ಕಲಿಯುವವರು ಯಾರೆಂದು ಪರಿಶೀಲಕನಿಗೆ ಕಾಣುವುದಿಲ್ಲ, ಒಂದು ಸಂಖ್ಯೆ ಮಾತ್ರ ಕಾಣುತ್ತದೆ. ಪರಿಶೀಲಕ ಯಾರೆಂದು ಕಲಿಯುವವರಿಗೂ ಕಾಣುವುದಿಲ್ಲ.

ಆ ಬಳಗದಲ್ಲಿ ಅವನಿಗೆ ಹಿರಿಯನ ಸ್ಥಾನ. ಹೊಸ ಪರಿಶೀಲಕರಿಗೆ ತರಬೇತಿ ಕೊಡುವವನು ಅವನೇ. ‘ಅನುಮಾನ ಬಂದರೆ ವಾಪಸ್’ ಎಂಬುದು ಅವನ ಮೊದಲ ಪಾಠ. ಒಂದೇ ಕೆಲಸ ಹತ್ತು ಸಲ ತಿರುಗಿ ಬಂದು ಸರದಿ ಬೆಳೆದಾಗ, ಎರಡು ಸಲ ವಾಪಸ್ಸಾದವರು ಮೂವತ್ತು ದಿನ ಮತ್ತೆ ಕಳಿಸುವಂತಿಲ್ಲ ಎಂಬ ನಿಯಮ ತಂದವನೂ ಅವನೇ. ವಾಪಸ್ ಕಳಿಸುವಾಗ ಅಂಟಿಸಲು ಒಂದು ಸಾಲನ್ನು ಹೊಸೆದು ಇಟ್ಟುಕೊಂಡಿದ್ದ: ‘ನಿಮ್ಮ ಶ್ರಮ ಕಾಣುತ್ತದೆ, ಕ್ರಮ ಕಾಣುವುದಿಲ್ಲ.’ ಅದು ಎಷ್ಟು ಹಿಡಿಸಿತೆಂದರೆ ಉಳಿದ ಪರಿಶೀಲಕರೂ ಅದನ್ನೇ ಅಂಟಿಸತೊಡಗಿದರು.

ಮನೆ ನಡೆಯುತ್ತಿದ್ದದ್ದು ಅಕ್ಕನ ದುಡಿಮೆಯಲ್ಲಿ. ಅವನಿಗೆ ಒಂಬತ್ತು ವರ್ಷ ತುಂಬುವ ಮೊದಲಿನಿಂದಲೂ ಅವನನ್ನು ಸೊಂಟಕ್ಕೆ ಕಟ್ಟಿಕೊಂಡಂತೆ ಸಾಕಿದವಳು ಅವಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷದಿಂದ ಇದ್ದಾಳೆ. ವಾರ್ಡುಗಳಿಂದ ಬಂದ ಗಂಟು ಬಿಚ್ಚಿ, ಶೀಟು, ದಿಂಬಿನ ಕವರು, ಗೌನು ಬೇರೆ ಮಾಡಿ ಎಣಿಸುವುದು. ಒಗೆದು ಒಣಗಿದ ಮೇಲೆ ಮತ್ತೆ ಎಣಿಸುವುದು. ಬ್ಲೀಚಿಂಗ್ ನೀರಿಗೆ ಬೆರಳ ತುದಿಗಳು ಸವೆದು ನುಣುಪಾಗಿದ್ದವು. ಫೋನು ಬೆರಳಚ್ಚು ಕೇಳಿದರೆ ಅವಳ ಬೆರಳನ್ನು ಗುರುತಿಸುತ್ತಿರಲಿಲ್ಲ. “ನಾನು ಯಾರು ಅಂತ ಅದಕ್ಕೇ ಗೊತ್ತಿಲ್ಲ, ಇನ್ನು ನಿನಗೆ ಹೇಗೆ ಗೊತ್ತಾಗಬೇಕು” ಎಂದು ತಮ್ಮನನ್ನು ಛೇಡಿಸುತ್ತಿದ್ದಳು.

ಲಾಂಡ್ರಿಯನ್ನು ಹೊರಗಿನ ಕಂಪನಿಗೆ ಕೊಡುವ ಸುದ್ದಿಯನ್ನು ಅಕ್ಕ ಮನೆಯಲ್ಲಿ ಹೇಳಿರಲಿಲ್ಲ. ಸ್ಪ್ರೆಡ್‌ಶೀಟ್ ಬ್ಯಾಡ್ಜ್ ಇದ್ದವರನ್ನು ಬಟ್ಟೆ ದಾಸ್ತಾನಿನ ಕೋಣೆಯಲ್ಲಿ ಉಳಿಸಿಕೊಳ್ಳುತ್ತಾರೆ, ಇಲ್ಲದವರಿಗೆ ತಿಂಗಳ ಕೊನೆಯ ಶನಿವಾರವೇ ಕೊನೆ. ಅವಳಿಗೆ ಪಿಂಚಣಿ ಸಿಗಲು ಇನ್ನೂ ಎರಡು ವರ್ಷ ಬೇಕಿತ್ತು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಆಸ್ಪತ್ರೆಯ ಕಚೇರಿಯ ಕಂಪ್ಯೂಟರಿನ ಮುಂದೆ ಕೂತು ಕಲಿಯತೊಡಗಿದಳು. ಬ್ಯಾಡ್ಜ್ ಬಂದ ಮೇಲೆ ತಮ್ಮನಿಗೆ ತೋರಿಸಿದರಾಯಿತು ಎಂದುಕೊಂಡಿದ್ದಳು.

ಆ ತಿಂಗಳ ಎರಡನೆಯ ಮಂಗಳವಾರ ಕೆಂಪುಪೆನ್ನು ಎಂಟುನೂರ ಅರವತ್ತೆರಡನೆಯ ಸಂಖ್ಯೆಯವರ ಕೆಲಸ ತೆರೆದ. ಬಟ್ಟೆಗಳ ಪಟ್ಟಿ. ಮೊತ್ತವೆಲ್ಲ ಸರಿ. ಆದರೆ ಮೊತ್ತದ ಮೇಲೆ ಮೌಸ್ ಒತ್ತಿದರೆ, ಕೂಡಿಸು ಎಂದು ಕಂಪ್ಯೂಟರಿಗೆ ಹೇಳುವ ಫಾರ್ಮುಲಾ ಇಲ್ಲ, ಬರೀ ಅಂಕಿ. ಯಾರೋ ಮನಸ್ಸಿನಲ್ಲೇ ಕೂಡಿಸಿ ಬರೆದಿದ್ದರು. ಸಾಲು ಅಂಟಿಸಿದ, ವಾಪಸ್ ಒತ್ತಿದ. ನಾಲ್ಕು ನಿಮಿಷದ ಕೆಲಸ. ಕಾಯಿಸಿಟ್ಟ ಚಹಾ ಇನ್ನೂ ಬಿಸಿಯಿತ್ತು.

ಸಂಜೆ ಅಕ್ಕ ಚಪ್ಪಲಿಯನ್ನು ಬಾಗಿಲಲ್ಲೇ ಕೊಡವಿ ಒಳಗೆ ಬಂದಳು. ಕೂತಳು. ಎದ್ದಳು. ಮತ್ತೆ ಕೂತಳು.

“ಏನಕ್ಕಾ, ಮೈಗೆ ಹುಷಾರಿಲ್ವಾ?”

“ಮೈಗೇನಾಗಿದೆ ಧಾಡಿ” ಎಂದವಳು ಎಲ್ಲವನ್ನೂ ಹೇಳಿದಳು. ಕಂಪನಿ, ಬ್ಯಾಡ್ಜ್, ಶನಿವಾರ. “ಕಳಿಸಿದೆ ಕಣೋ. ವಾಪಸ್ ಬಂತು. ಅವನ್ಯಾವನೋ ಒಬ್ಬ ಕೂತಿದ್ದಾನೆ ಮೇಲೆ. ಶ್ರಮ ಕಾಣುತ್ತಂತೆ, ಕ್ರಮ ಕಾಣಲ್ವಂತೆ. ಅವನ ಕಣ್ಣಿಗೆ ನಮ್ಮ ಬ್ಲೀಚಿಂಗ್ ಪುಡಿ ಹಾಕಬೇಕು, ಎಲ್ಲಾ ಕಾಣುತ್ತೆ!”

ಅಂದು ತಾನೇ ವಾಪಸ್ ಕಳಿಸಿದ ಬಟ್ಟೆಗಳ ಪಟ್ಟಿ ಅವನಿಗೆ ನೆನಪಾಯಿತು. “ಅವನಿಗೂ ನಿಯಮ ಅಂತ ಇರುತ್ತಲ್ವಾ” ಎಂದ, ಮೆಲ್ಲಗೆ.

“ಇರುತ್ತೆ, ಇರುತ್ತೆ. ನಿನ್ನ ಜಾತಿಯವನೇ ಇರಬೇಕು.” ಅಕ್ಕ ಅವನ ಮುಖವನ್ನು ಒಂದು ಕ್ಷಣ ದಿಟ್ಟಿಸಿ, ಲೋಟ ತೊಳೆಯಲು ಹೋದಳು.

ಹೇಳಬೇಕೆಂದುಕೊಂಡ, ಹೇಳಲಿಲ್ಲ. ಬದಲಿಗೆ ಅಂದಿನಿಂದ ದಿನವೂ ಸಂಜೆ ಪಾಠ ಹೇಳಿಕೊಟ್ಟ. ಅಕ್ಕ ಮೌಸನ್ನು ಹಿಂಡುವ ಬಟ್ಟೆಯಂತೆ ಹಿಡಿಯುತ್ತಿದ್ದಳು. ಅವನು ಹೇಳಿದ ಸಾಲುಗಳನ್ನು ಆಯ್ದು ಫಾರ್ಮುಲಾ ಹಾಕುತ್ತಿದ್ದಳು. ಕಂಪ್ಯೂಟರು ಮೊತ್ತ ಕೊಡುವ ಮೊದಲೇ ಅವಳ ತುಟಿ ಅದನ್ನು ಹೇಳಿರುತ್ತಿತ್ತು.

“ನನಗೆ ಗೊತ್ತಿರೋದನ್ನ ಇದರ ಹತ್ತಿರ ಯಾಕೆ ಕೇಳಬೇಕು?”

“ನಿನಗೆ ಗೊತ್ತು ಅಂತ ಅವರಿಗೆ ಗೊತ್ತಾಗಬೇಕಲ್ಲಕ್ಕಾ.”

“ಒಳ್ಳೇ ಕಥೆ. ಮೂವತ್ತೊಂದು ವರ್ಷ ಒಂದು ಟವೆಲ್ ಕಳೆದಿಲ್ಲ ನಾನು.”

ಮೂರು ಸಂಜೆ ಸತತವಾಗಿ ತಪ್ಪಿಲ್ಲದೆ ಮಾಡಿದಳು. ಅವನಿಗೆ ಧೈರ್ಯ ಬಂತು. ಪಟ್ಟಿ ಮುಗಿದ ಮೇಲೆ ಇನ್ನೊಂದು ಸಾಲು ಸೇರಿಸಬೇಕಾಗಿ ಬಂದರೆ ಫಾರ್ಮುಲಾವನ್ನೂ ಹಿಗ್ಗಿಸಬೇಕು ಎಂಬುದೊಂದನ್ನು ಹೇಳಿಕೊಡುವುದು ಅವನಿಗೆ ನೆನಪಾಗಲಿಲ್ಲ.

ಕೊನೆಯ ಶನಿವಾರದ ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನ, ಎಂಟುನೂರ ಅರವತ್ತೆರಡು ಮತ್ತೆ ಸರದಿಯಲ್ಲಿ ಕಾಣಿಸಿತು. ಬಂಧುಗಳದ್ದೆಂದು ಗೊತ್ತಾದರೆ ತೆರೆಯದೆ ಬೇರೆ ಪರಿಶೀಲಕರಿಗೆ ದಾಟಿಸಬೇಕು ಎಂಬುದೂ ನಿಯಮವೇ. ಬೆರಳು ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಚಿಕ್ಕವನಿದ್ದಾಗ ಶಾಲೆಯಲ್ಲಿ ಪಕ್ಕದವನದ್ದನ್ನು ನೋಡಿ ಬರೆದು ಬಹುಮಾನ ತಂದಿದ್ದ. ಅಕ್ಕ ಕೈ ಹಿಡಿದು ಕರೆದೊಯ್ದು ಅದನ್ನು ಹಿಂದಿರುಗಿಸಿ ಬಂದಿದ್ದಳು. ಇವಳ ಕೆಲಸಕ್ಕೆ ನನ್ನ ದಯೆ ಯಾಕೆ, ತಪ್ಪಿಲ್ಲದ ಕೆಲಸ, ಯಾರು ನೋಡಿದರೂ ಒಪ್ಪುತ್ತಾರೆ ಎಂದುಕೊಂಡು ದಾಟಿಸಿದ. ಅದು ಒಬ್ಬ ಗ್ರಂಥಪಾಲಕಿಗೆ ಹೋಯಿತು. ಬೇರೊಂದು ಊರಿನವಳು, ಅವನ ಬಳಿಯೇ ತರಬೇತಿ ಪಡೆದವಳು.

ಇಪ್ಪತ್ತು ನಿಮಿಷಕ್ಕೆ ಅವಳ ಸಂದೇಶ ಬಂತು.

“ಸರ್, ಒಂದು ಸಂದೇಹ. ದಿಂಬಿನ ಕವರು, ಗೌನು ಎರಡಕ್ಕೂ ಫಾರ್ಮುಲಾ ಸರಿಯಾಗಿದೆ. ಶೀಟಿನ ಮೊತ್ತ ಮಾತ್ರ ಕೈಯಲ್ಲಿ ಬರೆದದ್ದು. ಟಿಪ್ಪಣಿ ನೋಡಿ, ಎಷ್ಟು ಮುದ್ದಾಗಿದೆ.”

ಕೆಳಗೆ ಅಕ್ಕನ ಮಾತುಗಳು:

‘ಹಸುಗೂಸುಗಳ ವಾರ್ಡಿನ ಗಂಟು ಯಾವಾಗಲೂ ಕೊನೆಗೆ ಬರುವುದು. ಅಲ್ಲಿ ದಿಂಬಿಲ್ಲ, ಗೌನಿಲ್ಲ, ಶೀಟು ಮಾತ್ರ ಹನ್ನೊಂದು. ಕೊನೆಗೆ ಸೇರಿಸಿದೆ. ಕಂಪ್ಯೂಟರು ಅವನ್ನು ಎಣಿಸಲಿಲ್ಲ, ನಾನೂರ ಹನ್ನೆರಡು ಎಂದಿತು. ನಾನು ಎಣಿಸಿದ್ದು ನಾನೂರ ಇಪ್ಪತ್ತಮೂರು. ಅದು ಹೇಳಿದ್ದನ್ನು ಅಳಿಸಿ ನಿಜ ಬರೆದಿದ್ದೇನೆ.’

“ಏನು ಮಾಡಲಿ ಸರ್? ಇದು ಎರಡನೇ ಸಲ. ಹಿಂದೆ ಕಳಿಸಿದರೆ ಅವರಿಗೆ ಒಂದು ತಿಂಗಳು ದಾರಿ ಮುಚ್ಚಿಹೋಗುತ್ತೆ.”

‘ಒಪ್ಪಿಬಿಡಿ’ ಎಂದು ಬರೆದ. ಅಳಿಸಿದ. ‘ಅವರು ನನ್ನ ಅಕ್ಕ’ ಎಂದು ಬರೆದ. ಅದನ್ನೂ ಅಳಿಸಿದ. ಹೇಳಿದರೆ ವಶೀಲಿ, ಹೇಳದೆ ಒಪ್ಪಿಸಿದರೆ ಮೋಸ. ಕಿಟಕಿಯಾಚೆ ಯಾರೋ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದರು. ಪಂಪಿನ ಉಸಿರು ಏರಿತು, ಇಳಿಯಿತು. ಅವನು ಮೂರನೆಯ ಸಲ ಅಕ್ಷರಗಳ ಮೇಲೆ ಕೈಯಿಟ್ಟಾಗ ಗ್ರಂಥಪಾಲಕಿಯೇ ಬರೆದಳು.

“ಬಿಡಿ ಸರ್, ಅರ್ಥವಾಯ್ತು. ನೀವೇ ಹೇಳಿಕೊಟ್ಟಿದ್ದೀರಲ್ಲ, ಅನುಮಾನ ಬಂದರೆ ವಾಪಸ್. ಕಳಿಸಿಬಿಟ್ಟೆ.”

ಆ ದಿನ ಚಹಾ ಮಾಡುವುದನ್ನೂ ಮರೆತ.

ಅಕ್ಕ ಬಂದದ್ದು ಎಂದಿನ ಹೊತ್ತಿಗೇ. ಚಪ್ಪಲಿ ಕೊಡವಲಿಲ್ಲ. ಫೋನನ್ನು ಅವನ ಮುಂದೆ ಇಟ್ಟಳು. ನಿಮ್ಮ ಶ್ರಮ ಕಾಣುತ್ತದೆ, ಕ್ರಮ ಕಾಣುವುದಿಲ್ಲ. ಕೆಳಗೆ, ಮತ್ತೆ ಕಳಿಸಬಹುದಾದ ದಿನವೆಂದು, ಮೂವತ್ತು ದಿನದಾಚೆಯ ತಾರೀಖು.

“ನಿನ್ನದೇ ಸಾಲು ಅಲ್ವೇನೋ ಇದು?”

ಅವನು ಫೋನನ್ನು ಮಗುಚಿಟ್ಟ.

“ಮೊದಲನೇ ಸಲವೇ ಗೊತ್ತಾಯ್ತು. ಹೀಗೆ ಪ್ರಾಸ ಹಾಕೋ ಹುಚ್ಚು ಇನ್ಯಾರಿಗಿದೆ? ನನ್ನ ಮದುವೆ ಮುರಿದಾಗಲೂ ಒಂದು ಪ್ರಾಸ ಹಾಕಿ ಸಮಾಧಾನ ಹೇಳಿದವನು ನೀನು.” ಅಕ್ಕನಿಗೆ ಸಿಟ್ಟಿರಲಿಲ್ಲ. ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. “ಅದಕ್ಕೇ ಧೈರ್ಯವಾಗಿ ಹಾಗೆ ಬರೆದೆ ಕಣೋ. ಗಡಿಯಾರ ನೋಡಿದರೆ ಎರಡಾಗಿತ್ತು, ಊಟದ ಬಿಡುವು ಮುಗಿದಿತ್ತು, ಫಾರ್ಮುಲಾ ಎಲ್ಲಿ ಕೆಟ್ಟಿತು ಅಂತ ಹುಡುಕೋಕೆ ಹೊತ್ತಿರಲಿಲ್ಲ. ನೋಡೋನು ನೀನೇ ಅಲ್ವಾ, ನಿಜ ಬರೆದರೆ ನಿನಗೆ ಗೊತ್ತಾಗುತ್ತೆ ಅಂದುಕೊಂಡೆ.”

“ಈ ಸಲ ನಾನು ನೋಡಲಿಲ್ಲ ಅಕ್ಕಾ. ಬೇರೆಯವರಿಗೆ ದಾಟಿಸಿದೆ.”

“ಯಾಕೆ?”

“ನೀನು ಅಂತ ಗೊತ್ತಿತ್ತು. ಅದಕ್ಕೆ.”

ಅಕ್ಕ ಅದನ್ನು ಮನಸ್ಸಿನಲ್ಲಿ ಮಡಿಸಿ ನೋಡಿದಳು. “ಸರಿಯಾಗೇ ಮಾಡಿದ್ದೀಯ” ಎಂದಳು ಕೊನೆಗೆ. “ನಾನೇ ಅಲ್ವಾ ಹಾಗೆ ಬೆಳೆಸಿದ್ದು.” ಎದ್ದು ಹೋಗಿ ಚಹಾಕ್ಕೆ ನೀರಿಟ್ಟಳು.

ಶನಿವಾರ ಲಾಂಡ್ರಿಯ ಹೆಂಗಸರಿಗೆಲ್ಲ ಒಂದೊಂದು ಟವೆಲ್ ಕೊಟ್ಟು ಕಳಿಸಿದರು. ದಾಸ್ತಾನಿನ ಕೋಣೆಗೆ ಕಂಪನಿಯ ಕಡೆಯವಳೊಬ್ಬಳು ಬಂದಳು. ಅವಳ ಬಳಿ ನಾಲ್ಕು ಬ್ಯಾಡ್ಜ್ ಇದ್ದವಂತೆ. ಅಕ್ಕ ಈಗ ಮೂರು ಬೀದಿಯಾಚೆಯ ಲಾಡ್ಜಿನಲ್ಲಿ ಬೆಳಿಗ್ಗೆ ಎರಡು ತಾಸು ಹಾಸಿಗೆ ಬದಲಿಸಲು ಹೋಗುತ್ತಾಳೆ. ಕರೆದ ದಿನ ಉಂಟು, ಕರೆಯದ ದಿನ ಇಲ್ಲ. ಪಿಂಚಣಿಯ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಮೂವತ್ತು ದಿನ ಕಳೆಯಿತು. “ಈಗ ಕಳಿಸಬಹುದು ಅಕ್ಕಾ” ಎಂದ ಅವನು, ಕೇಳಲೋ ಬೇಡವೋ ಎಂಬಂತೆ.

“ಯಾರಿಗೆ ಬೇಕೋ ಅದು?”

“ಸುಮ್ಮನೆ. ಮಾಡಿದ್ದು ಅರ್ಧಕ್ಕೆ ನಿಲ್ಲಬಾರದು ಅಂತ.”

ಅವನ ಮುಖ ನೋಡಿ ಅಕ್ಕ ಕೈ ಒರೆಸಿಕೊಂಡು ಬಂದು ಕೂತಳು. ಅದೇ ಪಟ್ಟಿ. ಹಸುಗೂಸುಗಳ ಸಾಲನ್ನೂ ಫಾರ್ಮುಲಾದೊಳಗೆ ಎಳೆದುಕೊಂಡಳು. ನಾನೂರ ಇಪ್ಪತ್ತಮೂರು. ಈ ಸಲ ಕಂಪ್ಯೂಟರೂ ಹಾಗೆಂದೇ ಹೇಳಿತು. ಅವಳ ತುಟಿ ಅಲುಗಲಿಲ್ಲ. ಮರುದಿನ ಗ್ರಂಥಪಾಲಕಿ ಒಪ್ಪಿದಳು. ಅಕ್ಕನ ಫೋನಿನಲ್ಲಿ ನೀಲಿ ಬಣ್ಣದ, ಗುಂಡಿಯಷ್ಟು ದುಂಡನೆಯ ಚಿತ್ರ ಮೂಡಿತು.

“ಚೆನ್ನಾಗಿದೆ. ಎಲ್ಲಿ ಚುಚ್ಕೊಳ್ಳೋದು ಇದನ್ನ?” ಎಂದು ನಕ್ಕಳು.

ಅವನೂ ನಗಲು ನೋಡಿದ. ಆಗಲಿಲ್ಲ.

ಅಕ್ಕ ಹಿತ್ತಿಲಿಗೆ ಹೋದಳು. ಹಗ್ಗದ ಮೇಲೆ ಒಣಗಿದ್ದದ್ದು ಮನೆಯ ಎರಡೇ ಎರಡು ಶೀಟು. ತೆಗೆದು, ಅಂಚಿಗೆ ಅಂಚು ಕೂಡಿಸಿ ಮಡಿಸಿ, ಹೆಗಲ ಮೇಲೆ ಹಾಕಿಕೊಂಡು, “ಎರಡು” ಎಂದಳು, ಎದುರಿಗೆ ಯಾರೋ ಬರೆದುಕೊಳ್ಳುತ್ತಿದ್ದಾರೆ ಎನ್ನುವಂತೆ. ಒಳಗೆ ಅವನ ಸರದಿಯಲ್ಲಿ ನೂರ ಆರು ಮಂದಿ ಕಾಯುತ್ತಿದ್ದರು. ಮೊದಲನೆಯದನ್ನು ತೆರೆದು, ಮೊತ್ತದ ಮೇಲೆ ಮೌಸ್ ಒತ್ತಿದ.

ಬರೀ ಅಂಕಿ.