ಬಾಗಿಲು ಕಾಯುತ್ತಿದ್ದ ಹಿರಿಯರು

ಹೋದ ಸೋಮವಾರ ಹಾವೇರಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ದೇವರಗುಡ್ಡದ ಪ್ರಸಾದ ಹಂಚಿದರು. ಪೊಟ್ಟಣ ಬಿಚ್ಚಿದ್ದೇ ತಡ, ಭಂಡಾರದ ಅರಿಶಿನ ವಾಸನೆ ಕೋಣೆಯೆಲ್ಲ ಹರಡಿತು. ಆ ವಾಸನೆಗೆ ನನಗೆ ಅಪ್ಪ ನೆನಪಾಗಬೇಕು. ಆಗುವುದಿಲ್ಲ. ನೆನಪಾಗುವುದು ರಾಣೆಬೆನ್ನೂರಿನ ನಮ್ಮ ಲೂಥರನ್ ಸಭೆಯ ಹಿರಿಯರು. 'ಹಿರಿಯರು' ಎನ್ನುವುದು ಬಾಯಿಯ ರೂಢಿ ಅಷ್ಟೇ, ಮನಸ್ಸಿನಲ್ಲಿ ಆ ಮನುಷ್ಯನಿಗೆ ನಾನು ಎಂದೂ ಮರ್ಯಾದೆ ಕೊಟ್ಟಿಲ್ಲ.

ಚರ್ಚಿನ ಕೀಲಿಕೈ ಅವರ ಜೇಬಿನಲ್ಲೇ ಇರುತ್ತಿತ್ತು. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತು, ಯಾರ ಹಣೆಯ ಮೇಲೆ ಏನಿದೆ, ಯಾರ ಮನೆಗೆ ಯಾವ ಹಬ್ಬದ ಹೋಳಿಗೆ ಬಂದಿತ್ತು ಎಂದು ವಿಚಾರಿಸಿ ಒಳಗೆ ಬಿಡುತ್ತಿದ್ದರು. ಪಾದ್ರಿಗಳು ಬಂದು ಹೋಗುತ್ತಿದ್ದರು, ಹಿರಿಯರು ಮಾತ್ರ ಅಲ್ಲಾಡಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಗಾದೆ ನಮ್ಮ ಚರ್ಚಿಗೂ ಸಲ್ಲುತ್ತಿತ್ತು.

ಅಪ್ಪ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಸಾಗಿಸುವ ಟೆಂಪೊ ಓಡಿಸುತ್ತಿದ್ದರು. ಒಮ್ಮೆ ಗೆಳೆಯನ ಮನೆಯವರನ್ನು ದೇವರಗುಡ್ಡಕ್ಕೆ ಕರೆದೊಯ್ದರು. ಗೆಳೆಯ ಅಪ್ಪನ ಹಣೆಗೂ ಭಂಡಾರ ಬಳಿದ. ಅದೇ ಹಣೆಯಲ್ಲಿ ಸಂಜೆ ಊರಿಗೆ ಮರಳಿದ ಅಪ್ಪ ಹಿರಿಯರ ಕಣ್ಣಿಗೆ ಬಿದ್ದರು. ಮುಂದಿನ ಭಾನುವಾರ ಎಲ್ಲರೆದುರು ವಿಚಾರಣೆ.

"ಪ್ರೀತಿಲೆ ಹಚ್ಚಿದ್ರಿ ಅಂವ. ಒರಸ್ಕೊಂಡ್ರ ಬ್ಯಾಸರ ಮಾಡ್ಕೊಳ್ತಾನಂತ ಬಿಟ್ಟೆ," ಎಂದರು ಅಪ್ಪ.

"ಹಂಗಾರ ಇನ್ನ ಭೋಜನಕ್ಕ ಮುಂದ ಬರಬ್ಯಾಡ," ಎಂದರು ಹಿರಿಯರು.

ರೊಟ್ಟಿ, ದ್ರಾಕ್ಷಾರಸದ ಆ ಪವಿತ್ರ ಭೋಜನದ ಹೊತ್ತಿಗೆ ಅಪ್ಪ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದರು. ಆದರೂ ಒಂದು ಭಾನುವಾರವೂ ತಪ್ಪಿಸಲಿಲ್ಲ... ಆ ವರ್ಷದ ಬೇಸಿಗೆಯಲ್ಲಿ ಎದೆನೋವು ಬಂದು ತೀರಿಕೊಂಡರು. ಹಿರಿಯರು ಹೆಣವನ್ನೂ ಒಳಗೆ ಬಿಡಲಿಲ್ಲ. ಪಾದ್ರಿಗಳು ನೆಲ ನೋಡುತ್ತ ನಿಂತರು. ಅಂಗಳದ ಎಲೆ ಉದುರಿದ ಬೇವಿನ ಮರದ ಕೆಳಗೆ ಅಪ್ಪನ ಅಂತ್ಯಕ್ರಿಯೆಯ ಪ್ರಾರ್ಥನೆ ಮುಗಿಯಿತು. ಅವ್ವ ಶವಪೆಟ್ಟಿಗೆಯ ಮೇಲೆ ಕೊಡೆ ಹಿಡಿದು ನಿಂತಿದ್ದಳು. ಸತ್ತವನಿಗೆ ಎಂಥಾ ಬಿಸಿಲು ಎಂದು ಯಾರೋ ಅಂದರು. ಅವಳು ಕೊಡೆ ಮಡಚಲಿಲ್ಲ.

ಅಂದಿನಿಂದ ನಾವು ಆ ಕಡೆ ತಲೆ ಹಾಕಲಿಲ್ಲ. ಅಪ್ಪನ ಮಣ್ಣಿಗೆ ಬಂದವರಲ್ಲಿ ಅನೇಕರು ತಾವೂ ಬಿಟ್ಟರು. ಕೊನೆಕೊನೆಗೆ ಹಿರಿಯರ ಮನೆಮಂದಿ, ಜೊತೆಗೆ ನಾಲ್ವರು ಮುದುಕರು ಉಳಿದರು. ತೊಲೆಗಳಲ್ಲಿ ಪಾರಿವಾಳಗಳು ಗೂಡು ಕಟ್ಟಿದ್ದವು. ಚರ್ಚು ಪಾಳು ಬೀಳುತ್ತಿದೆ ಎಂದು ಕೇಳಿದಾಗೆಲ್ಲ ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಸುಳ್ಳೇಕೆ ಹೇಳಲಿ, ಆ ಹಿರಿಯರು ಹಾಳಾಗಲೆಂದು ನಾನು ದಿನಾ ಬೇಡಿಕೊಳ್ಳುತ್ತಿದ್ದೆ, ಅದೂ ಅವರ ದೇವರ ಹತ್ತಿರವೇ.

ಆಮೇಲೆ ಹಿರಿಯರು ಲಕ್ವ ಹೊಡೆದು ಹಾಸಿಗೆ ಹಿಡಿದರು. ಹೊಸದಾಗಿ ಬಂದ ಎಳೆಯ ಪಾದ್ರಿ ಬಿಟ್ಟವರ ಮನೆ ಮನೆಗೂ ಅಲೆದರು. ನಮ್ಮ ಮನೆಗೆ ಬಂದಾಗ ಉಪದೇಶ ಮಾಡಲಿಲ್ಲ, ಅಪ್ಪನ ಗೋರಿ ಎಲ್ಲಿದೆ ತೋರಿಸಿ ಎಂದರು. ಮರುವಾರ ಅವ್ವ ಸೆರಗು ಹೊದ್ದು ಹೊರಟಳು. ಆ ಹಿರಿಯರ ಚರ್ಚಿಗಾ ಎಂದು ನಾನು ಸಿಡುಕಿದ್ದಕ್ಕೆ, "ದೇವ್ರೇನ್ ಅವರಪ್ಪನ ಮನಿ ಆಸ್ತಿ ಏನ?" ಎಂದಳು. ಅವಳ ಹಿಂದೆ ಉಳಿದವರೂ ಬಂದರು. ಗೂಡು ತೆಗೆದು ಸುಣ್ಣ ಬಳಿದೆವು. ಸುಗ್ಗಿ ಹಬ್ಬಕ್ಕೆ ಜೋಳದ ತೆನೆ, ಮೆಣಸಿನಕಾಯಿ ರಾಶಿ ಬಿದ್ದು, ಸೀನುತ್ತಲೇ ಹಾಡು ಹಾಡಿದೆವು. ಕೀಲಿಕೈ ಅವ್ವನ ಕೈಗೆ ಬಂತು.

ಹಿರಿಯರು ಸತ್ತ ದಿನ ನಾನು ಕಾದಿದ್ದ ಗಳಿಗೆ ಬಂತು. ಅವರ ಮಗ ನಮ್ಮ ಹೊಸ್ತಿಲಲ್ಲಿ ಅವ್ವನಿಗೆ ಕೈಮುಗಿದು ನಿಂತಿದ್ದ. "ಪೆಟ್ಟಿಗಿ ಹೊರಗ ಇಟ್ರೂ ನಡೀತೈತ್ರಿ ಅಕ್ಕಾರ. ಅಪ್ಪ ಮಾಡಿದ್ದು ನಮಗೂ ಗೊತ್ತೈತಿ," ಎಂದ. ಹೊರಗೇ ಇಡಿ ಎನ್ನಲು ನನ್ನ ಬಾಯಿ ತೆರೆದಿತ್ತು.

ಅವ್ವ ಕೀಲಿಕೈ ಚಾಚಿದಳು. "ಒಳಗ ತರ್ರಿ. ಬೇವಿನ ಗಿಡದ ಬುಡಕ ಮಲಗಿಸಬ್ಯಾಡ್ರಿ. ಅದು ನನ್ನ ಗಂಡನ ಜಾಗಾ. ಆ ಜಾಗಾಕ್ಕ ನಿಮ್ಮಪ್ಪಗ ಯೋಗ್ಯತಾ ಇಲ್ಲ."

ಮಗ ಕೀಲಿಕೈ ತೆಗೆದುಕೊಂಡು ಹೋದ. ನಾನು ವರ್ಷಗಟ್ಟಲೆ ಕಟ್ಟಿಟ್ಟುಕೊಂಡಿದ್ದ ಬೈಗುಳ ಒಂದೂ ಆ ಮಾತಿನ ಸಮಕ್ಕೆ ಬರುವಂತಿರಲಿಲ್ಲ.

ಈಗ ಅವ್ವನೂ ಇಲ್ಲ. ರಜೆಗೆ ಊರಿಗೆ ಹೋದರೆ ಚರ್ಚಿನಲ್ಲಿ ಕೂರಲು ಜಾಗ ಸಿಗುವುದಿಲ್ಲ, ಕೆಲವರು ನಿಂತೇ ಹಾಡುತ್ತಾರೆ. ನಾನೂ ಹಾಡುತ್ತೇನೆ. ಪ್ರಾರ್ಥನೆಯಲ್ಲಿ ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬಂದಾಗ ಮಾತ್ರ ಬಾಯಿ ಮುಚ್ಚಿಕೊಳ್ಳುತ್ತೇನೆ. ಅವ್ವ ಇದ್ದಾಗ ಪಕ್ಕದಲ್ಲಿ ಕೂತು ಮೊಳಕೈಯಿಂದ ತಿವಿಯುತ್ತಿದ್ದಳು... ಈಗ ತಿವಿಯುವವರೂ ಇಲ್ಲ.