ಭಾಮೈದನ ಹೆಸರಲ್ಲಿ ಕೇಳಿದ ವಿಳಾಸ

ಕುಡುಕನ ಕೈ ನಡುಗುವುದು ಕುಡಿದಾಗ ಅಲ್ಲ, ಕುಡಿಯದಿದ್ದಾಗ. ಇಷ್ಟು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿದ್ದಿದ್ದರೆ ನಮ್ಮ ಬೀದಿಯ ಕ್ಷೌರಿಕನನ್ನು "ಏನು ಕೈ ರೀ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ" ಎಂದು ಹೊಗಳುವ ಮುಂಚೆ ಒಮ್ಮೆ ಯೋಚಿಸುತ್ತಿದ್ದಿರಿ.

ಆ ನಯ ಇದ್ದದ್ದು ಪೌಡರ್ ಡಬ್ಬಗಳ ಹಿಂದಿನ ಎಣ್ಣೆ ಶೀಶೆಯೊಳಗೆ. ಬೆಳಿಗ್ಗೆ ಷಟರ್ ಅರ್ಧ ಎತ್ತಿ, ಬಗ್ಗಿ ಒಳನುಗ್ಗಿ, ಗುಟುಕು ಇಳಿಸಿ, ಬೆರಳು ನಿಲ್ಲುವವರೆಗೆ ಕಾದು, ಆಮೇಲೆ ಪೂರ್ತಿ ಎತ್ತುತ್ತಿದ್ದ. ಬಾಯಿಯ ವಾಸನೆಯನ್ನು ಆಫ್ಟರ್ ಶೇವ್ ನುಂಗಿಕೊಳ್ಳುತ್ತಿತ್ತು. ಈ ಕಸುಬಿನಲ್ಲಿ ಅದೊಂದು ಅನುಕೂಲ.

ಭಾನುವಾರ ಮನೆಯಲ್ಲಿ ಮಾವನಿಗೆ ಕ್ಷೌರ. ಮುದುಕರ ಕೈಯಲ್ಲಿ ಬಲವಿಲ್ಲ, ಅಳಿಯನೇ ಮಾಡಬೇಕು. ಆವತ್ತು ನೆಪ ಹೂಡಿ ಅಂಗಡಿಗೆ ಹೋಗಿಬರುವ ಮೊದಲೇ ಹೆಂಡತಿ ಬಿಸಿನೀರು ತಂದಿಟ್ಟಳು. ಕೆನ್ನೆ ಒಂದು ಕಡೆ ಮುಗಿಯಿತು. ಕತ್ತಿ ಗಂಟಲಿನ ಹತ್ತಿರ ಹೋದಾಗ ಅದರ ಅಲಗು ಒಂದೆಡೆ ನಿಲ್ಲಲಿಲ್ಲ. ಮಾವ ಮೆಲ್ಲಗೆ ತಮ್ಮ ಅಂಗೈಯನ್ನು ತಂದು ಗಂಟಲ ಮೇಲಿಟ್ಟುಕೊಂಡರು.

"ಇವತ್ತಿಗೆ ಸಾಕು ಅಳಿಯಂದ್ರೇ. ಅರ್ಧ ಗಡ್ಡಾನೇ ಈಗಿನ ಫ್ಯಾಷನ್ ಅಂತೆ."

ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿ ಆ ಅಂಗೈಯನ್ನು ನೋಡಿದಳು. ಟವಲ್ ಕೊಟ್ಟು ಒಳಗೆ ಹೋದಳು. ಬೈದಿದ್ದರೆ ಆತ ಬದುಕಿಕೊಳ್ಳುತ್ತಿದ್ದ.

ಆ ರಾತ್ರಿ ಕಣ್ಣು ಮುಚ್ಚಿದರೆ ಸೋಪಿನ ನೊರೆ, ನೊರೆಯಲ್ಲಿ ಕೆಂಪು. ಮರುದಿನ ಶೀಶೆ ಮುಟ್ಟುವುದಿಲ್ಲವೆಂದುಕೊಂಡ. ಕತ್ತರಿ ಕೈಜಾರಿ ಗಿರಾಕಿಯ ಮಡಿಲಿಗೆ ಬಿತ್ತು. ಬೆವರೊರೆಸಿಕೊಳ್ಳುವ ನೆಪದಲ್ಲಿ ಹಿಂದೆ ಹೋಗಿ ಕುಡಿದೇ ಬಂದ. ಒಬ್ಬನಿಂದ ಆಗುವ ಕೆಲಸ ಇದಲ್ಲ ಎಂದು ಆಗ ಹೊಳೆಯಿತು. ಬಿಟ್ಟವರು, ಬಿಡಬೇಕೆನ್ನುವವರು ಒಂದು ಕಡೆ ಸೇರಿ ಕೂರುತ್ತಾರಂತೆ ಎಂದು ಎಲ್ಲೋ ಕೇಳಿದ್ದ. ಎಲ್ಲಿ? ಕುಡಿಯುವ ಜಾಗಕ್ಕೆ ದೀಪದ ಬೋರ್ಡು ಇದೆ, ಬಾಣದ ಗುರುತೂ ಇದೆ. ಬಿಡುವ ಜಾಗಕ್ಕೆ ಏನಿದೆ ಸ್ವಾಮಿ?

ಆಸ್ಪತ್ರೆಯ ಕೌಂಟರಿಗೆ ಹೋಗಿ ಪಿಸುಗುಟ್ಟಿದ. ಕೌಂಟರಿನ ಹೆಂಗಸು ಪಿಸುಗುಟ್ಟಲಿಲ್ಲ.

"ಕುಡಿತ ಬಿಡೋರ ಮೀಟಿಂಗಾ? ಯಾರಿಗೆ? ನಿಮಗಾ?"

ಬೆಂಚಿನ ತಲೆಗಳೆಲ್ಲ ಒಟ್ಟಿಗೆ ತಿರುಗಿದವು. ಅರ್ಧಕ್ಕರ್ಧ ಆತನೇ ಕತ್ತರಿಸಿದ ತಲೆಗಳು.

"ನಮ್ಮ... ಭಾಮೈದನಿಗೆ."

"ಅಯ್ಯೋ ಪಾಪ. ಶಾಲೆ ಹಿಂದಿನ ಕಟ್ಟಡ, ಮಹಡಿ ಮೇಲೆ. ಬುಧವಾರ ಸಂಜೆ."

ಆ ಭಾಮೈದ ಮನೆಗಳಿಗೆ ವೈರಿಂಗ್ ಮಾಡುವವನು, ಅಮಲೇರೀತೆಂದು ಕೆಮ್ಮಿನ ಸಿರಪ್ಪಿಗೂ ನೀರು ಬೆರೆಸಿಕೊಳ್ಳುವ ಆಸಾಮಿ. ಬುಧವಾರ ಸಂಜೆ ಅಂಗಡಿಗೆ ಬಂದವನೇ ಷಟರ್ ಅರ್ಧ ಇಳಿಸಿದ.

"ಭಾವ, ನಾನು ಕುಡೀತೀನಂತೆ. ನಂಗೇ ಗೊತ್ತಿರ್ಲಿಲ್ಲ. ಏಣಿ ಹತ್ತೋ ಮುಂಚೆ ಬಾಯಿ ಊದಪ್ಪ ಅಂದ್ರು ಇವತ್ತು."

ಕ್ಷೌರಿಕ ಬಾಚಣಿಗೆ ಒರೆಸಿದ್ದನ್ನೇ ಒರೆಸಿದ.

"ಅಪ್ಪನ ಗಡ್ಡ ನೋಡ್ದೆ," ಎಂದ ಭಾಮೈದ. "ಹೆಸರಂತೂ ಹೋಯ್ತು. ನಡೀರಿ. ನಾನು ಕುಡುಕ, ನೀವು ನನ್ನ ಕರ್ಕೊಂಡು ಬಂದ ಭಾವ. ಆಯ್ತಾ?"

ಮಹಡಿಯ ಮೆಟ್ಟಿಲು ಅರ್ಧ ಹತ್ತಿ ಕ್ಷೌರಿಕ ನಿಂತ. ತಿರುಗಿದರೆ ಕೆಳಗಿನ ಮೆಟ್ಟಿಲಿಗಡ್ಡವಾಗಿ ಭಾಮೈದ, ಹೆಗಲಲ್ಲಿ ಟೂಲ್ ಬ್ಯಾಗು. "ಮುಂದೆ ಹೋದ್ರೆ ನೀವು ಹಿಂದಿಂದ ಓಡ್ತೀರಾ ಅಂತಾನೇ ಇಲ್ಲಿದೀನಿ."

ಬಾಗಿಲು ತೆರೆದಿತ್ತು. ಎಲ್ಲರೂ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು. ಬೇರೆಯವರು ಜನರನ್ನು ಮುಖದಿಂದ ಗುರುತಿಸುತ್ತಾರೆ, ಕ್ಷೌರಿಕ ಕುತ್ತಿಗೆಯಿಂದ. ಹಿಂದಿನ ಸಾಲಿನಲ್ಲಿ ಬಲಗಿವಿಯ ಕೆಳಗೆ ಮಚ್ಚೆಯಿದ್ದ ಕುತ್ತಿಗೆ. ಅದರ ಮೇಲಿನ ಕೂದಲ ಗೆರೆ ಶನಿವಾರ ತಾನೇ ಎಳೆದದ್ದು. ಪೋಸ್ಟ್‌ಮಾಸ್ಟರು. ವಾರ ತಪ್ಪದ ಗಿರಾಕಿ. ಅವರು ತಿರುಗಿ ನೋಡಿದಾಗ ಇಬ್ಬರ ಮುಖವೂ ಬಿಳಿಚಿಕೊಂಡಿತು.

ಅವರೇ ಎದ್ದು ಬಂದರು. "ನಿಮ್ಮ ವಾಸನೆ ನಂಗೆ ಗೊತ್ತಾಗ್ತಿತ್ತು. ಆಫ್ಟರ್ ಶೇವಿಂದ ನಮ್ಮಂಥೋರ ಮೂಗಿಗೆ ಮಣ್ಣೆರಚಕ್ಕಾಗಲ್ಲ."

"ಮತ್ತೆ ಈ ಜಾಗ ಹೇಳಬಾರದಿತ್ತಾ ಸಾರ್?"

"ನಿಮಗೆ ಹೇಗೆ ಗೊತ್ತು ಅಂತ ಕೇಳ್ತಿದ್ರಲ್ಲ."

ನೋಡಿದಿರಾ? ವಾರವಾರವೂ ಕತ್ತಿ ಹಿಡಿದವನಿಗೂ ಹೆದರಿಕೆ, ಕತ್ತಿಗೆ ಕೊರಳು ಕೊಟ್ಟವನಿಗೂ ಹೆದರಿಕೆ. ಕತ್ತಿಗಲ್ಲ, ಬೆಂಚಿನ ಮೇಲಿನ ತಲೆಗಳಿಗೆ. ಪ್ರಾಣ ಹೋದರೂ ಸರಿ, ಮಾನ ಉಳಿಯಲಿ ಎನ್ನುವ ಹಾಗೆ ನಾವು ಜನರನ್ನು ಪಳಗಿಸಿದ್ದೇವೆ.

"ಒಂದೇ ಸಲ ನಿಲ್ಲಿಸೋಕೆ ಹೋಗ್ಬೇಡಿ, ಜೀವಕ್ಕೇ ಕುತ್ತು," ಎಂದರು ಪೋಸ್ಟ್‌ಮಾಸ್ಟರು. "ನಾಳೆ ಡಾಕ್ಟರ ಹತ್ರ ನಾನೂ ಬರ್ತೀನಿ. ಈಗ ಕೂತ್ಕೊಳ್ಳಿ."

ಕ್ಷೌರಿಕ ಕೂರಲಿಲ್ಲ. ಭಾಮೈದನ ಹೆಗಲು ಹಿಡಿದುಕೊಂಡೇ ನಿಂತಿದ್ದ. "ಇವನು ನನ್ನ ಭಾಮೈದ," ಎಂದು ಶುರು ಮಾಡಿ ನುಂಗಿಕೊಂಡ. "ಇವನು ಕುಡಿಯೋದಿಲ್ಲ."

ಈಗ ಅಂಗಡಿಯ ಷಟರ್ ಇಳಿದಿದೆ. ಡಾಕ್ಟರು ಹೇಳಿದಂತೆ ನಡೆಯುತ್ತಿದೆ, ಕೈ ಯಾವಾಗ ನಿಲ್ಲುತ್ತದೋ, ನಿಲ್ಲುತ್ತದೋ ಇಲ್ಲವೋ, ಆತನಿಗೂ ಗೊತ್ತಿಲ್ಲ. ಬೇರೆಯವರಿಂದ ಬೋಳಿಸಿಕೊಳ್ಳಲು ಮಾವ ಒಪ್ಪಿಲ್ಲ. ಗಡ್ಡ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ.

ನಾಳೆ ನಿಮ್ಮ ಮುಂದೆ ಯಾರಾದರೂ ಬಂದು ದನಿ ತಗ್ಗಿಸಿ ಆ ವಿಳಾಸ ಕೇಳಬಹುದು. ಅದಕ್ಕೆ ಮುಂಚೆ ಅದು ನಿಮ್ಮೂರಲ್ಲಿ ಎಲ್ಲಿದೆಯೆಂದು ತಿಳಿದಿಟ್ಟುಕೊಳ್ಳಿ. ಕೇಳಿದಾಗ ಹೇಳಿ. ಯಾರಿಗೆ ಎಂದು ಕೇಳಬೇಡಿ. ಬೆಂಚಿನ ಮೇಲಿದ್ದರೆ, ದಯವಿಟ್ಟು ತಲೆ ತಿರುಗಿಸಬೇಡಿ.