ಇಸ್ತ್ರಿ ದೊಡ್ಡಪ್ಪನ ಬಿಗುಮಾನ

ಆ ಲಾಂಡ್ರಿಯಲ್ಲಿ ಅವನು ಎಲ್ಲರಿಗೂ ದೊಡ್ಡಪ್ಪ. ಇಸ್ತ್ರಿ ಮೇಜಿನ ಮುಂದೆ ಅವನಷ್ಟು ಹಳಬರು ಯಾರೂ ಇರಲಿಲ್ಲ. ಹೊಸಬರಿಗೆ ಕೆಲಸ ಕಲಿಸುವುದೆಂದರೆ ಅವನಿಗೆ ಎಲ್ಲಿಲ್ಲದ ಹುರುಪು. ಸಾಕು ಎಂದರೂ ಬಿಡದೆ ತಲೆ ತಿನ್ನುತ್ತಿದ್ದ. ಹಾಗೆ ಅವನ ಕೈಯಲ್ಲಿ ಪಳಗಿದವಳು ಬಿರುಗಾಳಿ. ನಡಿಗೆ, ಮಾತು, ಕೆಲಸ ಎಲ್ಲದರಲ್ಲೂ ಅವಸರ, ಅದಕ್ಕೇ ಆ ಅಡ್ಡಹೆಸರು. ದೊಡ್ಡಪ್ಪ ಮಾತ್ರ ಅವಳನ್ನು "ಮಗಳೇ" ಎನ್ನುತ್ತಿದ್ದ.

ಮಾಲೀಕರು ಬಿರುಗಾಳಿಯನ್ನು ಸೂಪರ್‌ವೈಸರ್ ಮಾಡಿದರು. ಗಾಜಿನ ಕೋಣೆ, ತಿರುಗುವ ಕುರ್ಚಿ ಎಲ್ಲ ಬಂತು. ಮರುದಿನ ದೊಡ್ಡಪ್ಪ ಅವಳನ್ನು "ಮೇಡಂ" ಎಂದ. ತಮಾಷೆಯೆಂದು ಅವಳು ನಕ್ಕಳು, ಅವನು ನಗಲಿಲ್ಲ. ಅಂದಿನಿಂದ ಏನು ಕೇಳಿದರೂ ಒಂದೇ ಉತ್ತರ: "ನೀವು ಹೇಳಿದ ಹಾಗೆ, ಮೇಡಂ." ಉಳಿದವರೂ ಅದೇ ಹಾದಿ ಹಿಡಿದರು. ಯಾವ ಯಂತ್ರ ಕೈಕೊಡುತ್ತಿದೆ ಎಂಬುದು ಅವಳಿಗೆ ಗೊತ್ತಾಗುತ್ತಿದ್ದುದು ಬಟ್ಟೆ ಸುಟ್ಟ ಮೇಲೆಯೇ. ಮಾಲೀಕರು ಬೈದರು, ಅದನ್ನವಳು ನುಂಗಿಕೊಂಡಳು. ಆದರೆ ಆ "ಮಗಳೇ" ನಿಂತುಹೋದದ್ದನ್ನು ಮಾತ್ರ ನುಂಗಲಾಗಲಿಲ್ಲ. ಮುದುಕನಿಗೆ ಅದೆಂಥ ಬಿಗುಮಾನವೋ!

ಒಂದು ಬೆಳಿಗ್ಗೆ ಮಖಮಲ್ಲಿನ ಕೋಟೊಂದು ಬಂತು. ಬಿರುಗಾಳಿ ಅದನ್ನು ತಾನೇ ತಂದು ದೊಡ್ಡಪ್ಪನ ಪಕ್ಕದ ಮೇಜಿನ ಮೇಲೆ ಹರಡಿ, ಹೊಳೆಯುವ ಮೈಯ ಮೇಲೆಯೇ ಇಸ್ತ್ರಿ ಪೆಟ್ಟಿಗೆ ಎತ್ತಿದಳು. ಹಾಗೆ ಒತ್ತಿದರೆ ಮಖಮಲ್ಲು ಚಪ್ಪಟೆಯಾಗಿ ಕೋಟು ಹಾಳು. ಮುದುಕ ತಡೆಯಲಾರದೆ ಬಾಯಿ ಬಿಡುತ್ತಾನೆ ಎಂದು ಅವಳ ಲೆಕ್ಕ.

ದೊಡ್ಡಪ್ಪ ಅವಳ ಮಣಿಕಟ್ಟು ಹಿಡಿದ. "ನಾಟಕ ಸಾಕು. ಮಖಮಲ್ಲು ಮಗುಚಿ ಹಾಕ್ಬೇಕು ಅಂತ ಹೇಳ್ಕೊಟ್ಟಿದ್ದೇ ನಾನು. ಗೊತ್ತಿಲ್ಲದ್ದು ಏನಾದ್ರೂ ಇದ್ರೆ ಕೇಳು."

ಅವಳ ಮುಖ ಕೆಂಪಾಯಿತು. ಎಲ್ಲರೂ ಕೈಕೆಲಸ ಬಿಟ್ಟು ನೋಡುತ್ತಿದ್ದರು. ಅಷ್ಟು ಜನರೆದುರು ಸೂಪರ್‌ವೈಸರ್ ತನಗೆ ಗೊತ್ತಿಲ್ಲ ಎನ್ನುವುದು ಸಣ್ಣ ಮಾತೇ?

"ಆ ಕುರ್ಚಿ ಮೇಲೆ ಹೇಗೆ ಕೂತ್ಕೋಬೇಕು ಅಂತ ಗೊತ್ತಿಲ್ಲ, ದೊಡ್ಡಪ್ಪ," ಎಂದಳು. "ನನ್ನ ಕಂಡ್ರೆ ಯಾರೂ ಬಾಯೇ ಬಿಡಲ್ಲ."

ಅವನು ಕೋಟಿನ ತೋಳು ಸವರುತ್ತ ನಿಂತ. "ಅದು ನನಗೂ ಗೊತ್ತಿಲ್ಲ. ನಾನೆಲ್ಲಿ ಕೂತಿದ್ದೆ ಅದರ ಮೇಲೆ? ನನ್ನೇ ಕೂರಿಸ್ತಾರೆ ಅಂದ್ಕೊಂಡಿದ್ದೆ, ಅಷ್ಟೇ."

ಅವನ ಮನಸ್ಸಿನಲ್ಲಿದ್ದದ್ದು ಇದೆಂದು ಬಿರುಗಾಳಿಗೆ ಹೊಳೆದೇ ಇರಲಿಲ್ಲ. ಅವಳು ಅವನ ಕೈ ಹಿಡಿದುಕೊಂಡಳು.

ದೊಡ್ಡಪ್ಪ ಕೋಟನ್ನು ಮಗುಚಿ ಹಾಕಿದ.

"ಕಿಟಕಿ ಪಕ್ಕದ ಯಂತ್ರ ಬಿಸಿ ಜಾಸ್ತಿ ಹಿಡೀತಿದೆ. ಅದಕ್ಕೇ ಬಟ್ಟೆ ಸುಡ್ತಿರೋದು," ಎಂದ. "ಬಾ ಮಗಳೇ, ತೋರಿಸ್ತೀನಿ."